ಗಿರಣಿ ನಿಲ್ಲಿಸಿ ಆಡಿದ ಮಾತು

ಅತ್ತೇ,

ಬೆಳಿಗ್ಗೆ ಗಿರಣಿಯ ಬೀಗ ತೆಗೆಯುವಾಗಲೇ ನಿಮ್ಮ ಮಾತು ಶುರುವಾಗುತ್ತಿತ್ತು. ಅಕ್ಕಿ ತಂದವರ ಮಗಳ ಬಾಣಂತನ, ಮೆಣಸಿನಕಾಯಿ ತಂದವರ ಮೊಣಕಾಲು ನೋವು, ಎಲ್ಲ ವಿಚಾರಿಸಿಕೊಂಡೇ ನೀವು ಮೋಟರ್ ಹಾಕುತ್ತಿದ್ದಿರಿ. ನಾನು ಒಳಗೆ ಮಸಾಲೆ ಹುರಿಯುತ್ತಿದ್ದೆ. ಮಾತು ನಿಮಗಿರಲಿ ಅಂತ ನಾನು ಸುಮ್ಮನಿದ್ದುಬಿಟ್ಟೆ. ನೀವು ಹೋದ ಮೇಲೆ ಗಿರಾಕಿಗಳೂ ಹೋದರು. ಕಾರ್ಖಾನೆ ಮುಚ್ಚಿ ಅದರ ಕ್ವಾರ್ಟರ್ಸ್ ಹೆಚ್ಚುಕಮ್ಮಿ ಖಾಲಿ. ಉಳಿದವರು ಪ್ಯಾಕೆಟ್ ಹಿಟ್ಟು ತರುತ್ತಾರೆ. ಇಡೀ ಭದ್ರಾವತಿಯಲ್ಲಿ ನನ್ನಂಥ ಮೂಕಿ ಅಂಗಡಿಯವಳು ಇನ್ನೊಬ್ಬಳು ಇದ್ದಾಳೆಯೇ?

ನಿಮ್ಮ ವರ್ಷದ ತಿಥಿ ಮುಗಿದ ಸಂಜೆ ನಿಮ್ಮ ಮಗ ಹೇಳಿದರು, "ಕರೆಂಟ್ ಬಿಲ್ಲಿಗೂ ಗಿಟ್ತಿಲ್ಲ ಮಾರಾಯ್ತಿ. ಮಿಷನ್ ಎಲ್ಲ ಕೊಟ್ಟುಬಿಡೋಣ. ಶಿವಮೊಗ್ಗದ ಗುಜರಿಯವರನ್ನ ಕೇಳಿದೀನಿ." ಬೇಡ ಎನ್ನಬೇಕಿತ್ತು, ಎಂಜಲೆಲೆ ಎತ್ತಿಕೊಂಡು ಒಳಗೆ ಹೋದೆ. ವಿದ್ಯಾನಗರದಿಂದ ಬಂದಿದ್ದ ನಿಮ್ಮ ಮಗಳು ಸುಧಾ ಅಡುಗೆಮನೆಗೆ ಬಂದಳು. "ಅತ್ತಿಗೆ, ಪಾಡ್‌ಕಾಸ್ಟ್ ಮಾಡೋಣ. ಫೋನಲ್ಲಿ ಮಾತಾಡಿ ಹಾಕೋದು, ರೇಡಿಯೋ ಇದ್ದಂಗೆ. ಊರು ಬಿಟ್ಟೋರೂ ಕೇಳ್ತಾರೆ. ಪುಡಿ ಬೇಕಂದ್ರೆ ಕೊರಿಯರ್ ಮಾಡ್ಬಹುದು."

"ಮಾತಾಡೋರು ಯಾರು?"

"ನೀವೇ."

ಮೊದಲ ಸಲ ಗಿರಣಿ ನಿಲ್ಲಿಸಿ, ಬಾಗಿಲು ಹಾಕಿ, ಗೋಣಿಚೀಲಗಳ ನಡುವೆ ಕೂತೆ. ನಮಸ್ಕಾರ ಎಂದೆ. ಮುಂದಿನದು ಬರಲಿಲ್ಲ. ಬರೆದುಕೊಂಡು ಓದಿದರೆ ರೇಷನ್ ಅಂಗಡಿಯ ನೋಟಿಸ್ ಓದಿದಂತಿತ್ತು. ಕೇಳಿದವರು ಸುಧಾ, ಅವಳ ಗಂಡ, ಮತ್ತೆ ನಾನು. ಗುಜರಿಯವರು ಬರುವ ವಾರ ಹತ್ತಿರವಾದಾಗ ನನಗೆ ದಿಕ್ಕೇ ತೋಚಲಿಲ್ಲ. ಫೋನ್ ಎದುರು ಕೂತವಳು ನಿಮ್ಮನ್ನೇ ಬೈಯತೊಡಗಿದೆ. "ಅತ್ತೆ, ಈ ಮೂಕಿನ ಇಲ್ಲಿ ಕೂರಿಸಿ ಎಲ್ಲಿಗೆ ಹೋದ್ರಿ? ಬನ್ನಿ, ಧನಿಯ ಎಷ್ಟು ಹುರೀಬೇಕು ಅಂತ ನೀವೇ ಹೇಳಿ. ನನ್ನ ಮಾತು ಯಾರು ಕೇಳ್ತಾರೆ?" ಕೊನೆಗೆ ಅಳುವೇ ಬಂತು. ಅಳುವನ್ನು ಕತ್ತರಿಸಿ, ಉಳಿದದ್ದನ್ನು ಸುಧಾ ಹಾಕಿಯೇಬಿಟ್ಟಳು.

ಕ್ವಾರ್ಟರ್ಸಿನ ಸೆಲ್ವಿ ನೆನಪಿದ್ದಾಳಲ್ಲ, ಸೇಲಂಗೆ ಹೋದವಳು? ಅವಳಿಂದ ವಾಯ್ಸ್ ಮೆಸೇಜ್ ಬಂತು. "ಅಕ್ಕಾ, ನೀವು ಅತ್ತೆನ ಬೈಯೋದು ಕೇಳಿ ನಮ್ಮಮ್ಮ ನಕ್ಕಿದ್ದೇ ನಕ್ಕಿದ್ದು. ಸಾಂಬಾರ್ ಪುಡಿ ಕಳಿಸಿ. ಅತ್ತೆ ಕೈಯಿಂದಾನೇ ಆಗ್ಬೇಕಂತೆ." ನೀವು ತೀರಿಕೊಂಡದ್ದು ಗೊತ್ತಿಲ್ಲದೆ, ಇಲ್ಲೇ ಎಲ್ಲೋ ಹೋಗಿದ್ದೀರಿ ಎಂದುಕೊಂಡಿದ್ದರು. ಅವರಿಂದ ಕೇಳಿ ಇನ್ನೂ ಕೆಲವರು ತರಿಸಿದರು. ಎಲ್ಲರಿಗೂ ನಿಮ್ಮ ಕೈಯ ಪುಡಿಯೇ ಬೇಕು. ನೀವಿಲ್ಲ ಎಂದರೆ ಅದೂ ನಿಂತುಹೋದರೆ? ನಿಮ್ಮ ಮಗ ಗುಜರಿಯವರಿಗೆ ಸ್ವಲ್ಪ ದಿನ ತಡೆಯಿರಿ ಎಂದಿದ್ದರು. ಆ ಸ್ವಲ್ಪ ದಿನಕ್ಕಾಗಿ ನಿಮ್ಮನ್ನು ಬದುಕಿಸಿಟ್ಟುಕೊಂಡೆ, ಅತ್ತೆ. ಬೇರೆ ಏನು ಮಾಡಲಿ...

ಹೋದ ವಾರ ಸೆಲ್ವಿಯ ಅಮ್ಮನೇ ಮಾತಾಡಿ ಕಳಿಸಿದ್ದರು. "ನಂಗೀಗ ಕಣ್ಣು ಕಾಣಲ್ಲಮ್ಮ. ನಿಮ್ಮತ್ತೆ ಹತ್ರ ಒಂದು ಮಾತು ಆಡಿಸು, ಕೇಳ್ತೀನಿ." ಅದನ್ನು ಎರಡು ಸಲ ಹಾಕಿ ಕೇಳಿದೆ. ಮಾರನೆಯ ದಿನ ಗಿರಣಿ ನಿಲ್ಲಿಸಿ ಒಂದೇ ಉಸಿರಿಗೆ ಹೇಳಿದೆ. "ಅತ್ತೆ ತೀರ್ಕೊಂಡು ವರ್ಷದ ಮೇಲಾಯ್ತು. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಈ ಪುಡಿ ಮಾಡ್ತಿರೋದು ನಾನು." ಸುಧಾ ಬೇಡ ಎಂದಳು. ಹಠ ಹಿಡಿದು ಹಾಕಿಸಿದೆ. ಕೆಲವರು ಪುಡಿ ತರಿಸುವುದನ್ನೇ ನಿಲ್ಲಿಸಿದರು. ಸೇಲಂನಿಂದಲೂ ಉತ್ತರವಿಲ್ಲ.

ನಿನ್ನೆ ಗುಜರಿಯವರು ಬಂದೇಬಿಟ್ಟರು. ಹಿಟ್ಟಿನ ಮಿಷನ್ ಲಾರಿ ಹತ್ತಿತು. ಖಾರದ ಮಿಷನ್ನಿಗೆ ಕೈ ಹಾಕಿದಾಗ ಅಡ್ಡ ನಿಂತೆ. "ಇದನ್ನ ಕೊಡಲ್ಲ" ಎಂದೆ. ನನ್ನ ದನಿ ನನಗೇ ಗುರುತಾಗಲಿಲ್ಲ. ನಿಮ್ಮ ಮಗ ನನ್ನ ಮುಖವನ್ನೇ ನೋಡಿದರು. ಆಮೇಲೆ ಅವರ ಕಡೆ ತಿರುಗಿ, "ಅದು ಇರ್ಲಿ ಬಿಡಿ" ಎಂದರು.

ಇವತ್ತು ಬೆಳಿಗ್ಗೆ ಸೆಲ್ವಿ ಫೋನ್ ಮಾಡಿದಳು. ಸುದ್ದಿ ಕೇಳಿ ಅವಳಮ್ಮ ಊಟ ಬಿಟ್ಟಿದ್ದರಂತೆ. "ಅಕ್ಕಾ, ಅಮ್ಮಂಗೆ ಪುಡಿ ಗಿಡಿ ಏನೂ ಬೇಡ್ವಂತೆ. ಅವರು ಹೇಗೆ ಹೋದ್ರು ಅಂತ ಹೇಳ್ಬೇಕಂತೆ. ನಮಗೆ ಯಾರೂ ತಿಳಿಸ್ಲೇ ಇಲ್ವಲ್ಲ."

ನಾಳೆ ಹೇಳುತ್ತೇನೆ, ಅತ್ತೆ. ಆಸ್ಪತ್ರೆಯಲ್ಲಿ ನಿಮಗೆ ಉಸಿರು ಎಳೆಯುವುದೇ ಕಷ್ಟವಾಗಿದ್ದಾಗ, ಮಂಚದ ಕೆಳಗೆ ನೆಲ ಒರೆಸುತ್ತಿದ್ದವಳನ್ನು "ಮಗಳಿಗೆ ಗಂಡು ಗೊತ್ತಾಯ್ತಾ" ಎಂದು ಕೇಳಿದಿರಿ. ಅವಳು ಹೂಂ ಎಂದಳು. ನೀವು ನಕ್ಕಿರಿ. ಅದೇ ಕೊನೆ. ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ, ನಿಮ್ಮ ಮಗನಿಗೂ.

ನಿಮ್ಮ ಸೊಸೆ,
ಮಂಜುಳಾ