ಜಗ್ಗಿಗೆ ಸುರಿದ ಬೆಟ್ಟದ ವೈನ್

ಅಲ್ ಮುರಕ್ಕಬಾತ್, ದುಬೈ
೧೪ ನವೆಂಬರ್ ೨೦೨೫

ಫಿಡೆಲಿಸ್ ಅಣ್ಣನಿಗೆ,

ನೀನೂ ಅತ್ತಿಗೆಯೂ ಸೌಖ್ಯವೆಂದು ಭಾವಿಸುತ್ತೇನೆ. ನಿನ್ನ ಏಳು ಮಿಸ್ಡ್ ಕಾಲ್‌ಗಳಿಗೆ ಉತ್ತರಿಸಲು ಮೂರು ವಾರ ತಡವಾಯಿತು. ಕ್ಷಮೆ ಕೇಳುವುದು ಕ್ರಮ. ಕೇಳುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ಹೆಬ್ಬೆರಳಿನ ಚಿತ್ರ ಕಳಿಸಿ ಕೈ ತೊಳೆದುಕೊಳ್ಳುತ್ತೀ, ಅದಕ್ಕೇ ಈ ಕಾಗದ. ನಾಳೆ ಅಬುಧಾಬಿಗೆ ಬರುವ ನಮ್ಮ ಹೋಟೆಲಿನ ಕ್ಲಾರೆನ್ಸ್ ನಿನಗೆ ತಂದು ಕೊಡುತ್ತಾನೆ.

ನಿನ್ನ ಮಗಳು ಶಾರನ್‌ಳ ನಿಶ್ಚಿತಾರ್ಥದ ದಿನ, ಅಲ್ ಬರ್ಷಾದ ಅವಳ ಫ್ಲಾಟಿನಲ್ಲಿ, ಹುಡುಗನ ಕಡೆಯವರಿಗೆ ನನ್ನನ್ನು ಹೇಗೆ ಪರಿಚಯಿಸಿದೆ, ನೆನಪಿದೆಯಾ? “ನನ್ನ ತಂಗಿ ಮಗ್ದಲೀನ್. ಹೋಟೆಲಿನ ಫ್ರಂಟ್ ಆಫೀಸಲ್ಲಿ ಇರುವುದು.” ಹತ್ತೊಂಬತ್ತು ವರ್ಷ ವೈನ್ ಬಡಿಸಿ, ಈಗ ಎರಡು ರೆಸ್ಟೋರೆಂಟುಗಳಿಗೆ ಯಾವ ವೈನ್ ಬರಬೇಕೆಂದು ತೀರ್ಮಾನಿಸುವವಳು ನಾನು. ನಿನ್ನ ಬಾಯಿಗೆ ಅಷ್ಟು ಹೇಳಲು ಏನಾಗಿತ್ತು?

ಅಂದು ನಾನು ತಂದಿದ್ದ ವೈನ್ ಬಾಟಲಿ ಎಲ್ಲಿಯದೆಂದು ಒಮ್ಮೆಯಾದರೂ ಕೇಳಿದೆಯಾ? ಹೇಳುತ್ತೇನೆ, ಕೂತು ಓದು. ಎರಡು ವರ್ಷದ ಹಿಂದೆ ಹೋಟೆಲಿನವರು ನನ್ನನ್ನು ಸ್ಪೇನಿಗೆ ತರಬೇತಿಗೆ ಕಳಿಸಿದ್ದರಲ್ಲ, ಅಲ್ಲೊಂದು ಬೆಟ್ಟದ ಮೇಲೆ ತೊಂಬತ್ತು ವರ್ಷದ ದ್ರಾಕ್ಷಿ ಗಿಡಗಳಿದ್ದವು. ಚಪ್ಪರವಿಲ್ಲ, ತಂತಿಯಿಲ್ಲ, ಮೊಣಕಾಲೆತ್ತರದ ಬೊಡ್ಡೆಗಳು. ಅಡಿಯಲ್ಲಿ ಮಣ್ಣು ಅಂತ ಇರುವುದು ಪುಡಿಯಾದ ಗ್ರಾನೈಟ್. ಒಂದು ಗಿಡ ನಾಲ್ಕೈದು ಗೊಂಚಲು ಬಿಟ್ಟರೆ ಹೆಚ್ಚು. ಮಳೆ ಆಗಷ್ಟೇ ನಿಂತಿತ್ತು. ತೋಟದ ಮುದುಕ ಆ ಮಣ್ಣನ್ನು ಒಂದು ಹಿಡಿ ಎತ್ತಿ ನನ್ನ ಅಂಗೈಗೆ ಹಾಕಿದ. ಮೂಸಿದೆ. ಅಣ್ಣ, ಅದು ಕಾರ್ಕಳದ ಕಲ್ಲುಕೋರೆಯಿಂದ ಬಂದ ಅಪ್ಪನ ಅಂಗಿಯ ವಾಸನೆ! ಕಲ್ಲು ಒಡೆದೇ ನಮ್ಮಿಬ್ಬರನ್ನು ಓದಿಸಿದ ಅಪ್ಪ. ಅಲ್ಲೇ ಕೂತು ಅತ್ತುಬಿಟ್ಟೆ. ಮುದುಕ ಗಾಬರಿಯಾಗಿ ಒಂದು ಬಾಟಲಿ ತಂದು ಕೈಗಿತ್ತ.

ಆ ಕೆಂಪು ವೈನನ್ನು ಶಾರನ್‌ಗೆಂದೇ ಎತ್ತಿಟ್ಟಿದ್ದೆ. ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡು ನಿಂತವಳು ನಾನು. “ಟೋಸ್ಟ್ ನೀವೇ ಹೇಳ್ಬೇಕು ಆಂಟಿ” ಅಂತ ಅವಳು ಹತ್ತನೇ ಕ್ಲಾಸಿನಿಂದ ಹೇಳುತ್ತಿದ್ದಳು. ಅಪ್ಪನ ಹೆಸರು ಹೇಳಿ, ಜೋಡಿಗೆ ಶುಭ ಹಾರೈಸಿ ಗ್ಲಾಸ್ ಎತ್ತಬೇಕೆಂದು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದೆ, ನಗಬೇಡ.

ಟೋಸ್ಟಿನ ಹೊತ್ತಿಗೆ ನನ್ನ ಬಾಟಲಿಯ ವೈನ್ ಜಗ್ಗಿನೊಳಗಿತ್ತು. ಅಂಗಡಿಯ ಸಿಹಿ ವೈನಿನ ಜೊತೆ ಕಲಸಿ, ಮೇಲೆ ಐಸು ತೇಲಿಸಿ. ಟೋಸ್ಟಿಗೆ ಸಿಹಿ ವೈನೇ ಆಗಬೇಕೆಂಬ ನಮ್ಮವರ ಹಟ ನನಗೆ ಹೊಸದಲ್ಲ. ಅಷ್ಟು ಸಿಹಿ ಬೆರೆಸಿದ್ದರೂ ಹುಡುಗನ ಸೋದರಮಾವ ನೆಲ್ಸನ್ ಒಂದು ಗುಟುಕಿಗೇ ಮುಖ ಕಿವುಚಿದರು. “ಇದೆಂತದು ಮಾರಾಯ್ರೆ, ಹುಳಿ! ಯಾರು ಮಾಡಿದ್ದು?” ನೀನು ಹಲ್ಲು ಕಿರಿದೆ. “ನಮ್ಮ ಮಗ್ದಲೀನ್ ಮನೆಯಲ್ಲೇ ಮಾಡಿದ್ದು. ಫಸ್ಟ್ ಟೈಮ್ ಅಲ್ವಾ, ಸಕ್ಕರೆ ಕಮ್ಮಿ ಆಯ್ತು.” ಎಲ್ಲರೂ ನಕ್ಕರು. ಟೋಸ್ಟ್ ಹೇಳಲು ನೀನು ಆ ನೆಲ್ಸನರನ್ನೇ ಕರೆದೆ.

ಅಡುಗೆಮನೆಯಲ್ಲಿ ನಿನ್ನನ್ನು ತಡೆದು ಕೇಳಿದೆ. “ಖಲಾಸ್ ಮಗ್ದಲೀನ್, ಸಾಕು ಬಿಡು, ನಾನೇ ಸುರಿದದ್ದು. ಬಾಟಲಿ ಕಂಡ್ರೆ ಯಾರು ತಂದ್ರು ಅಂತ ಕೇಳ್ತಾರೆ. ನಿನ್ನದು ಬಾರ್ ಕೆಲಸ ಅಂತ ಗೊತ್ತಾದ್ರೆ ಸಂಬಂಧ ಮುರೀತದೆ” ಎಂದೆ ನೀನು. ಅದೇ ಜನ ಮೂರು ಜಗ್ಗು ಖಾಲಿ ಮಾಡಿ ಹೋದರಲ್ಲ! ಕುಡಿಯುವವರಿಗೆ ಮಾನ ಉಂಟು, ಬಡಿಸುವವಳಿಗೆ ಇಲ್ಲವಾ? ಅಂದಿನಿಂದ ನಿನ್ನ ಮುಖ ನೆನೆದರೆ ಮೈ ಉರಿಯುತ್ತದೆ.

ಜನವರಿಯ ಮದುವೆಗೆ ಕರೆಯುವುದಾದರೆ ನನ್ನ ಕೆಲಸವನ್ನು ನಾಲ್ಕು ಜನರೆದುರು ಹೇಳಿ ಕರೆ. ಆಗದಿದ್ದರೆ ಅಲ್ಲಿಯೂ ನೆಲ್ಸನರೇ ಗ್ಲಾಸ್ ಎತ್ತಲಿ. ನಾನು ಬರುವುದಿಲ್ಲ.

ಅತ್ತಿಗೆಯ ಮಂಡಿನೋವು ಬೇಗ ಗುಣವಾಗಲಿ. ದೇವರು ನಿನಗೆ ಆಯುಸ್ಸು ಕೊಡಲಿ, ಜೊತೆಗೆ ಒಂದಿಷ್ಟು ನಾಚಿಕೆಯನ್ನೂ.

ನಿನ್ನ ತಂಗಿ,
ವೈನ್ ಬಡಿಸುವ ಮಗ್ದಲೀನ್

ಮರೆತದ್ದು: ಇಷ್ಟನ್ನು ಅತ್ತಿಗೆಗೆ ಓದಿ ಹೇಳಬೇಡ. ಸುರಿದದ್ದು ನೀನಲ್ಲ ಎಂದು ನನಗೆ ಗೊತ್ತು. ಆಗ ನೀನು ನೆಲ್ಸನರನ್ನು ಕರೆತರಲು ಕೆಳಗೆ ಪಾರ್ಕಿಂಗಿಗೆ ಹೋಗಿದ್ದೆ. ನಾನು ಅಡುಗೆಮನೆಯ ಬಾಗಿಲಿಗೆ ಬಂದಿದ್ದೆ. ಶಾರನ್ ಬೆನ್ನು ಹಾಕಿ ನಿಂತಿದ್ದಳು. ನಾನೇ ಕಲಿಸಿದ ಹಾಗೆ ಬಾಟಲಿಯ ತಳ ಹಿಡಿದು, ಒಂದು ಹನಿ ಚೆಲ್ಲದೆ ಜಗ್ಗಿಗೆ ಸುರಿಯುತ್ತಿದ್ದಳು. ಮಗಳ ತಪ್ಪನ್ನು ನೀನು ತಲೆಯ ಮೇಲೆ ಹಾಕಿಕೊಂಡೆ. ಅವಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ ಅಣ್ಣ, ಅದಕ್ಕೇ ನಿನ್ನನ್ನು ಬೈದೆ.