ಹೆಸರು ಕರೆದರೆ ಏಳು

ಸಬಾನಾ ದೆ ಲಾ ಮಾರ್
ಮಾರ್ಚ್ 9, 2016

ಪ್ರೀತಿಯ ಸೀಗಡಿ,

ನೀನು ಕ್ರಿಸ್‌ಮಸ್‌ಗೆ ಬರೆದ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೇಕಾದರೆ ಬೈದುಕೋ. ಫೋನ್ ಮಾಡಬಹುದಿತ್ತು. ಆದರೆ ಡಾಕ್ಟರ್ ಅನ್ನುವ ಶಬ್ದ ಕಿವಿಗೆ ಬಿದ್ದರೆ ಸಾಕು, ನಿನ್ನ ಫೋನಿನ ಸಿಗ್ನಲ್ ಹೋಗಿಬಿಡುತ್ತದೆ. ಅದಕ್ಕೇ ಇದನ್ನು ಬಸ್ ಡ್ರೈವರ್ ಕೈಯಲ್ಲಿ ಕಳಿಸಿದ್ದೇನೆ. ನೀನು ಪೂರ್ತಿ ಓದುವವರೆಗೂ ಅವನು ಅಲ್ಲಿಂದ ಕದಲಕೂಡದು ಎಂದು ಹೇಳಿದ್ದೇನೆ.

ಇಲ್ಲಿ ಎಲ್ಲರೂ ಇದ್ದೇವೆ. ದೋಣಿಗೆ ಹೊಸ ಬಣ್ಣ ಬಳಿದೆ. ನಿನ್ನ ಅತ್ತಿಗೆ ಮಿರೆಯಾ ತೆಂಗಿನಹಾಲು ಹಾಕಿ ಮೀನು ಮಾಡಿದಾಗಲೆಲ್ಲ ನಿನ್ನನ್ನು ನೆನೆಯುತ್ತಾಳೆ, ನೆನೆದು ನಿನ್ನ ಪಾಲನ್ನೂ ನನಗೇ ಬಡಿಸುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಆರೋಗ್ಯ ಕೇಂದ್ರದಲ್ಲಿ ವರ್ಷಕ್ಕೊಂದು ದಿನ ನಲವತ್ತೈದು ದಾಟಿದ ಗಂಡಸರಿಗೆಂದೇ ಇಟ್ಟಿದ್ದಾರೆ. ಬಿಪಿ, ಸಕ್ಕರೆ, ಜೊತೆಗೆ ಪ್ರಾಸ್ಟೇಟ್, ಅಂದರೆ ಮೂತ್ರಕೋಶದ ಕೆಳಗಿನ ಗ್ರಂಥಿ. ಅದಕ್ಕೆ ರಕ್ತ ತೆಗೆಯುತ್ತಾರೆ, ಹಿಂದಿನಿಂದ ಬೆರಳು ಹಾಕಿಯೂ ನೋಡುತ್ತಾರೆ. ನಮ್ಮ ಡೊಮಿನೊ ಮೇಜಿನಲ್ಲಿ ಆ ಬೆರಳಿನದೇ ಮಾತು. "ನಾನು ಗಂಡಸಾಗಿ ಹುಟ್ಟಿದೀನಿ, ಗಂಡಸಾಗೇ ಸಾಯ್ತೀನಿ" ಎಂದ ತೊಲೆಂತಿನೊ, ಮೇಜಿನ ಮೇಲೆ ಕಾಯಿ ಕುಟ್ಟುತ್ತ. ಅಲ್ಲೇ ಬಟ್ಟೆ ಒಣಹಾಕುತ್ತಿದ್ದ ಮಿರೆಯಾ, "ಸಾಯ್ತೀಯ ಬಿಡು, ಅದೂ ಬೇಗನೇ" ಎಂದಳು. ಆ ಆಟ ಅವನು ಸೋತ.

ಹೋದ ವರ್ಷ ನಾನೂ ಹೋಗಿ ಸಾಲಿನಲ್ಲಿ ಕೂತಿದ್ದೆ. ನರ್ಸ್ ಯಾನಿರಿಸ್ "ಎಲಿಹಿಯೊ ಪೊಲಾಂಕೊ" ಎಂದು ಮೂರು ಸಲ ಕೂಗಿದಳು. ಯಾರೂ ಏಳಲಿಲ್ಲ. ಚರ್ಚಿನ ಪುಸ್ತಕದಲ್ಲಿರುವ ನನ್ನ ಹೆಸರು, ಅಡ್ಡಹೆಸರೇ ನಡೆಯುವ ನಮ್ಮ ಊರಿನಲ್ಲಿ ಯಾರಿಗೆ ಗೊತ್ತು, ಹೇಳು. ನನ್ನ ಜೊತೆ ಮೂವತ್ತು ವರ್ಷ ಬಲೆ ಎಳೆದವನೇ ಪಕ್ಕದಲ್ಲಿದ್ದ. "ಯಾರಪ್ಪ ಅವನು, ಬೇರೆ ಊರಿನವನಾ?" ಎಂದು ಕೇಳಿದ. "ಇರಬೇಕು" ಎಂದೆ. ಮನೆಗೆ ಬಂದು ಮಿರೆಯಾಗೆ, "ನನ್ನನ್ನ ಕರೀಲೇ ಇಲ್ಲ ಕಣೇ" ಎಂದೆ.

ಈ ಸಲ ಅವಳು ಮೊದಲೇ ಹೋಗಿ ಪಟ್ಟಿಯಲ್ಲಿ ಹೆಸರು ತಿದ್ದಿಸಿ ಬಂದಿದ್ದಳು. ಯಾನಿರಿಸ್ ಬಾಗಿಲಿಗೆ ಬಂದು "ಶಾರ್ಕ್" ಎಂದಳು. ಇಡೀ ಸಾಲು ನನ್ನ ಕಡೆ ತಿರುಗಿತು. ನಾನು ಚಾವಣಿ ನೋಡಿದೆ.

"ಏಳಿ ಶಾರ್ಕ್ ಮಾವ. ಸಮುದ್ರಕ್ಕೆ ಹೆದರದವರು ನಂಗ್ಯಾಕೆ ಹೆದರ್ತೀರಿ? ನೋಡೋದು ಡಾಕ್ಟರು, ನಾನಲ್ಲ" ಎಂದಳು.

ಎಲ್ಲರ ನಗುವಿನ ಮಧ್ಯೆ ಎದ್ದು ಹೋದೆ. ಒಂದು ನಿಮಿಷವೂ ಆಗಲಿಲ್ಲ ಕಣೋ. ಹಲ್ಲು ಕೀಳಿಸಿಕೊಳ್ಳುವುದೇ ಇದಕ್ಕಿಂತ ಕಷ್ಟ.

ಮುಂದಿನದನ್ನು ಹೆದರದೆ ಓದು. ರಕ್ತದಲ್ಲಿ ಅಂಕಿ ಹೆಚ್ಚಿತ್ತು. ರಾಜಧಾನಿಗೆ ಕಳಿಸಿದರು, ಅಲ್ಲಿ ಗ್ರಂಥಿಯ ಚೂರು ತೆಗೆದು ನೋಡಿದರು. ಕ್ಯಾನ್ಸರ್. ಈ ಒಂದು ಶಬ್ದ ಬರೆಯುವುದಕ್ಕೆ ನನಗೆ ನಾಲ್ಕು ವಾರ ಬೇಕಾಯಿತು, ತಡವಾದದ್ದು ಅದಕ್ಕೇ. ಆದರೆ ಚಿಕ್ಕದು, ಗ್ರಂಥಿ ಬಿಟ್ಟು ಹೊರಗೆ ಹೋಗಿಲ್ಲ. "ಒಳ್ಳೇ ಹೊತ್ತಿಗೆ ಬಂದ್ರಿ, ವಾಸಿ ಮಾಡಬಹುದು" ಎಂದರು ಡಾಕ್ಟರಮ್ಮ. ಏಪ್ರಿಲ್ ನಾಲ್ಕಕ್ಕೆ ಆಪರೇಷನ್. ಭಯ ಇದೆ, ಸುಳ್ಳು ಯಾಕೆ ಹೇಳಲಿ. ಆದರೂ ಬೇಸಿಗೆ ಮುಗಿಯುವುದರೊಳಗೆ ದೋಣಿ ನೀರಿಗಿಳಿಸುತ್ತೇನೆ. ಆ ನಂಬಿಕೆ ಇಲ್ಲದಿದ್ದರೆ ಬಣ್ಣಕ್ಕೆ ಯಾಕೆ ಕೈ ಹಾಕುತ್ತಿದ್ದೆ?

ಅಣ್ಣನಿಗೆ ಬಂದಿದ್ದರೆ ತಮ್ಮನೂ ತೋರಿಸಿಕೊಳ್ಳಬೇಕಂತೆ. ನಿನಗೆ ಐವತ್ತನಾಲ್ಕು. ಇದೇ ವಾರ ಹೋಗು, ನೆಪ ಹೇಳಬೇಡ.

ಮಾತೆ ಮರಿಯಮ್ಮ ನಿನ್ನನ್ನೂ ಮಕ್ಕಳನ್ನೂ ಕಾಯಲಿ.

ನಿನ್ನ ಅಣ್ಣ
ಶಾರ್ಕ್

ಮತ್ತೊಂದು ಮಾತು. ಮನೆಯಲ್ಲಿ ಮೊದಲು ಯಾರಿಗಾದರೂ ಇತ್ತಾ ಎಂದು ಡಾಕ್ಟರಮ್ಮ ಕೇಳಿದರು. ಅಪ್ಪನಿಗಿತ್ತು ಎಂದೆ. ಬಲೆ ಎಳೆದೆಳೆದು ಸೊಂಟ ಹೋಗಿ ಅಪ್ಪ ತೀರಿಕೊಂಡ ಎಂದೇ ನೀನು ಇವತ್ತಿಗೂ ನಂಬಿದ್ದೀಯ. ಅದು ಇದೇ ಕ್ಯಾನ್ಸರ್ ಮೂಳೆಗಿಳಿದ ನೋವು. "ಚಿಕ್ಕವನಿಗೆ ಹೇಳಬೇಡ, ನಗ್ತಾನೆ" ಎಂದು ಅವನು ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ಇನ್ನೊಂದನ್ನು ನಾನು ಮಿರೆಯಾಗೂ ಹೇಳಿಲ್ಲ. ಸೊಂಟ ನೋವು ಶುರುವಾಗುವ ಎರಡು ವರ್ಷ ಮೊದಲೇ ಅವನನ್ನು ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ನರ್ಸ್ ಕೂಗಿದ್ದು ಅದೇ ಹೆಸರು, ಎಲಿಹಿಯೊ ಪೊಲಾಂಕೊ. ಅಪ್ಪನ ಹೆಸರನ್ನೇ ಅಲ್ಲವೇ ನನಗಿಟ್ಟದ್ದು. ಊರಿಗೆಲ್ಲ "ಮೀಸೆ" ಎಂಬ ಅಡ್ಡಹೆಸರಿನಿಂದಲೇ ಗೊತ್ತಿದ್ದ ಅಪ್ಪ ನನಗೆ ಕಣ್ಣು ಮಿಟುಕಿಸಿ ಕೂತೇ ಇದ್ದ. ಇವನೇ ಅವನು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ, ನಕ್ಕೆ. ಇಬ್ಬರೂ ಹೊರಗೆ ಬಂದು ಹುರಿದ ಮೀನು ತಿಂದೆವು. ಇಪ್ಪತ್ತಾರು ವರ್ಷವಾಯಿತು, ಆ ಮೀನು ನನಗಿನ್ನೂ ಗಂಟಲಿನಿಂದ ಇಳಿದಿಲ್ಲ.

ಅಲ್ಲಿನ ಆಸ್ಪತ್ರೆಯಲ್ಲಿ ನಿನ್ನನ್ನು ಯಾರೂ ಸೀಗಡಿ ಎಂದು ಕರೆಯುವುದಿಲ್ಲ. ನಿನ್ನ ಹೆಸರು ಫಾವುಸ್ತೊ ಪೊಲಾಂಕೊ. ಕರೆದರೆ ಏಳು.