ಬಿಸಿ ತಾಗಿದ ಅಂಕಿ

ಕಂಪಲಾಪುರ
೨೧ ನವೆಂಬರ್ ೨೦೦೪

ಪ್ರೀತಿಯ ಜಯಕ್ಕನಿಗೆ ಸುಧಾಳ ನಮಸ್ಕಾರಗಳು.

ನೀವು ಹೆಣೆದು ಕಳಿಸಿದ ಕುಲಾವಿ ಬಂದು ತಿಂಗಳಾಯಿತು. ಒಂದು ಸಾಲು ಉತ್ತರವನ್ನೂ ಬರೆಯದೆ ಕೂತಿದ್ದೇನೆ, ಬೈದುಕೊಂಡಿರುತ್ತೀರಿ. ಮಗನಿಗೆ ಹಾಕಿದರೆ ಕಣ್ಣು ಮುಚ್ಚುವಷ್ಟು ದೊಡ್ಡದು. ಬೆಳೆಯೋ ತಲೆ, ಇರ್ಲಿ ಬುಡು ಎಂದು ಇವರು ನಗುತ್ತಾರೆ. ನಾಲ್ಕು ತಿಂಗಳು ತುಂಬಿದರೂ ಹೆಸರಿಟ್ಟಿಲ್ಲ. ಯಾಕೆಂದು ಮುಂದೆ ಬರೆಯುತ್ತೇನೆ.

ಮಗು ಆರೋಗ್ಯವಾಗಿದೆ. ನಿದ್ದೆಗೆಟ್ಟಿರುವುದು ನಾನು. ಅವನು ಮಲಗಿದ ಮೇಲೆ ಹಣೆ ಮುಟ್ಟಿ ನೋಡುತ್ತೇನೆ. ನನ್ನ ಕೈಯೇ ಬಿಸಿಯಿದ್ದೀತೆಂದು ತಣ್ಣೀರಲ್ಲಿ ತೊಳೆದು ಬಂದು ಮತ್ತೆ ಮುಟ್ಟುತ್ತೇನೆ. ಕೈ ತಣ್ಣಗಾಗಿರುವುದರಿಂದ ಈಗ ಅವನ ಹಣೆ ಸುಡುವಂತೆ ಅನ್ನಿಸುತ್ತದೆ. ಹೆದರಿ ಪಾದರಸದ ಥರ್ಮಾಮೀಟರ್ ಇಡುತ್ತೇನೆ, ಅವನು ಎದ್ದು ಅಳುತ್ತಾನೆ. ನಗಬೇಡಿ.

ಜಯಕ್ಕ, ಮಗಳು ಸ್ಪಂದನಾ ಹೋದಾಗ "ಮಗು ಇಲ್ಲ, ಕೆಲಸ ಬಿಡುತ್ತೇನೆ" ಎಂದಷ್ಟೇ ಬರೆದು ಹಾಕಿದವಳು ನಾನು. ಏನಾಯಿತೆಂದು ಹೇಳಲಿಲ್ಲ, ನೀವೂ ಕೆದಕಲಿಲ್ಲ. ಈಗ ಹೇಳಬೇಕಾಗಿದೆ, ಏಕೆಂದರೆ ನಿಮ್ಮಿಂದ ಒಂದು ಕೆಲಸವಾಗಬೇಕು.

ಎರಡು ವರ್ಷದ ಹಿಂದಿನ ಸೆಪ್ಟೆಂಬರ್. ವಾರವೆಲ್ಲ ನಾನು ಮೈಸೂರಿನ ನಮ್ಮ ಕಾರ್ಖಾನೆಯ ಹಾಸ್ಟೆಲಿನಲ್ಲಿ, ಒಂದೂವರೆ ವರ್ಷದ ಸ್ಪಂದನಾ ಇಲ್ಲಿ ನಮ್ಮತ್ತೆ ಚಿಕ್ಕಬೀರಮ್ಮನ ಮಡಿಲಲ್ಲಿ. ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ನೇತುಹಾಕಿ ಬೇಯಿಸುವ ಬ್ಯಾರನ್ ಕೋಣೆಗೆ ಬೆಂಕಿ ಹಾಕಿದರೆ ಸೊಪ್ಪು ಹದವಾಗುವವರೆಗೆ ಒಲೆಯ ಮುಂದೆ ಯಾರಾದರೂ ಇರಲೇಬೇಕು. ಇವರು ಸೌದೆ ತರಲು ಹುಣಸೂರಿನ ಕಡೆ ಹೋಗಿ ಮಳೆಗೆ ಅಲ್ಲೇ ಸಿಕ್ಕಿಬಿದ್ದಿದ್ದರು. ಮಗುವಿಗೆ ಮೈ ಬೆಚ್ಚಗಾಗಿತ್ತು. ಹೊರಗಿನ ಶೀತ ತಾಗದಿರಲೆಂದು ಅತ್ತೆ ಅವಳನ್ನು ಒಲೆಯ ಮುಂದಿನ ಚಪ್ಪರದಲ್ಲೇ ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು.

ಸಂಜೆ ನಾನು ಪಕ್ಕದ ಮನೆಗೆ ಫೋನು ಮಾಡಿ ಅತ್ತೆಯನ್ನು ಕರೆಸಿದೆ. ಇಲ್ಲೇ ಹತ್ತಿರದ ಕೊಪ್ಪದ ಅಗ್ಗದ ವಿದೇಶಿ ಸಾಮಾನಿನ ಅಂಗಡಿ ಸಾಲಿನಲ್ಲಿ ಕೊಂಡ ಒಂದು ಡಿಜಿಟಲ್ ಥರ್ಮಾಮೀಟರ್ ಅವರ ಹತ್ತಿರ ಇತ್ತು. ಅದನ್ನು ಇಡುವುದು, ಅಂಕಿ ಓದುವುದು, ಎರಡನ್ನೂ ನಾನೇ ಅವರಿಗೆ ಕಲಿಸಿದ್ದೆ. ಒಲೆಯ ಪಕ್ಕದ ಗೂಡಿನಲ್ಲಿ ಬೆಂಕಿಪೊಟ್ಟಣದ ಜೊತೆ ಜೋಪಾನವಾಗಿ ಇಟ್ಟುಕೊಂಡಿದ್ದರು.

"ತೊಂಬತ್ತೊಂಬತ್ತು ಅಂತದೆ ಕಣವ್ವ. ಅದು ಕೂಗೋಗಂಟ ಇಟ್ಟಿದ್ದೆ" ಅಂದರು.

ಅಷ್ಟೇ ತಾನೆ, ಸಿರಪ್ಪು ಕುಡಿಸಿ ಮಲಗಿಸಿ, ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ ಅಂದೆ. ಬಸ್ಸಿಳಿದು ಬರುವಷ್ಟರಲ್ಲಿ ಮಗುವಿಗೆ ಫಿಟ್ಸ್ ಬಂದಿತ್ತು. ಆಟೋದಲ್ಲಿ ಪಿರಿಯಾಪಟ್ಟಣಕ್ಕೆ ಒಯ್ಯುವಾಗ ನನ್ನ ಮಡಿಲಲ್ಲೇ ಹೋಯಿತು. ಮಿದುಳಿಗೇರಿದ ಜ್ವರ, ರಾತ್ರಿಯೇ ತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು ಡಾಕ್ಟರು.

ಆ "ರಾತ್ರಿಯೇ" ಎಂಬ ಮಾತು ನಮ್ಮ ಮನೆಯಲ್ಲಿ ಉಳಿದುಬಿಟ್ಟಿತು. ಇವರು ನನ್ನನ್ನು ಏನೂ ಅನ್ನಲಿಲ್ಲ. ಅಂದದ್ದೆಲ್ಲ ಅವರ ತಾಯಿಗೆ. ಒಲೆಗೆ ಸೌದೆ ನೂಕುತ್ತಾ ಮಗುವಿನ ಕಂಕುಳಿಗೆ ಥರ್ಮಾಮೀಟರ್ ಕಡ್ಡಿ ಸಿಗಿಸಿದ್ದೀಯ, ಅದು ಜಾರಿದ್ದನ್ನೂ ನೋಡಲಿಲ್ಲ ಎಂದು ಬಂದವರೆಲ್ಲರ ಎದುರಿಗೆ ಕೇಳಿದರು. ನೆಂಟರೂ ಕೇಳಿದರು, ಊರವರೂ ಕೇಳಿದರು. ಅತ್ತೆಯ ಉತ್ತರ ಪ್ರತಿಸಲವೂ ಒಂದೇ: ಕೂಗೋಗಂಟ ಇಟ್ಟಿದ್ದೆ, ತೊಂಬತ್ತೊಂಬತ್ತೇ ಇತ್ತು. ತಿಥಿ ಮುಗಿದ ಮಾರನೇ ದಿನ ಎರಡು ಸೀರೆ ಗಂಟು ಕಟ್ಟಿಕೊಂಡು ಬೀಚನಹಳ್ಳಿಯ ಮಗಳ ಮನೆಗೆ ಹೋದವರು ಇವತ್ತಿಗೂ ಬಂದಿಲ್ಲ. ಈ ಮಗು ಹುಟ್ಟಿದಾಗಲೂ ಬರಲಿಲ್ಲ.

ಹೋದ ತಿಂಗಳು ನಾನೇ ಮಗುವನ್ನು ಎತ್ತಿಕೊಂಡು ಹೋದೆ. ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮಗುವನ್ನು ಕಣ್ತುಂಬ ನೋಡಿದರು, ನಿನ್ನ ಮೂಗಲ್ಲ, ನನ್ ಮಗ ಕನಕರಾಜಂದು ಅಂದರು. ಎತ್ತಿಕೊಳ್ಳಿ ಅತ್ತೆ, ಕಿವಿಯಲ್ಲಿ ಹೆಸರು ಹೇಳಬೇಕಾದವರು ನೀವೇ, ಅದಕ್ಕೇ ಇನ್ನೂ ಹೆಸರಿಟ್ಟಿಲ್ಲ ಎಂದು ನಾನು ನೀಡಿದರೆ, ಎರಡು ಕೈಯನ್ನೂ ಸೆರಗಿನೊಳಗೆ ಮುಚ್ಚಿಕೊಂಡರು.

"ನನ್ ಕೈಗೆ ಕೊಡಬ್ಯಾಡ ಕಣವ್ವ. ಅವತ್ತು ಒಲೆ ಮುಂದೆ ನನ್ ಕೈಯೇ ಕಾದಿತ್ತು, ಮಗೀನ ಬಿಸಿ ತಿಳೀನಿಲ್ಲ. ಅದಕ್ಕೇ ಕಡ್ಡಿ ನಂಬ್ಕಂಡೆ."

ಹಿಂದಿರುಗುವಾಗ ಬಸ್ಸಿನಲ್ಲಿ ಆ ಮಾತು ಕೊರೆಯುತ್ತಲೇ ಇತ್ತು, ಆದರೂ ನನಗೆ ಹೊಳೆಯಲಿಲ್ಲ ನೋಡಿ. ಹೊಳೆದದ್ದು ಮೊನ್ನೆ. ಈ ವರ್ಷದ ಕೊನೆಯ ಬ್ಯಾರನ್ನಿನ ಸೊಪ್ಪು ಇಳಿಸಿ ಇವರು ಒಲೆಯ ಮುಂದೆ ನೇತುಹಾಕಿದ್ದ ಗಡಿಯಾರವನ್ನು ಮನೆಗೆ ತಂದರು. ಅದೂ ಕೊಪ್ಪದಲ್ಲೇ ಕೊಂಡದ್ದು. ಮುಳ್ಳಿಲ್ಲದ, ಅಂಕಿ ಮೂಡುವ ಗಡಿಯಾರ. ಕೆಲವು ನಿಮಿಷ ಹಿಂದೆ ಬಿದ್ದಿತ್ತು. ತಿರುಗಿಸಿ ಸರಿಮಾಡುತ್ತಾ ತಮ್ಮಷ್ಟಕ್ಕೆ ಅಂದರು:

"ಇದಕ್ಕೆ ಬಿಸಿ ಆಗಿಬರಾಕಿಲ್ಲ ಕಣೆ. ಮನೇಲಿ ಸರಿಯಾಗೇ ಓಡ್ತದೆ."

ನಾನು ಹಾಲಿನ ಪಾತ್ರೆ ಹಿಡಿದು ಅಲ್ಲೇ ನಿಂತೆ.

ಜಯಕ್ಕ, ನೀವೂ ನಾನೂ ಕಾರ್ಖಾನೆಯಲ್ಲಿ ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಮಾಡಿದ್ದು ಇದನ್ನೇ ಅಲ್ಲವೇ? ಅಳತೆಯ ಯಂತ್ರಗಳಿಗೆ ಹೋಗುವ ಒಂದೊಂದು ಎಲೆಕ್ಟ್ರಾನಿಕ್ ಚಿಪ್ಪನ್ನೂ ತಣ್ಣಗಿದ್ದಾಗ ಒಮ್ಮೆ, ಕಾಯಿಸಿ ಒಮ್ಮೆ ಅಳೆದು, ಬಿಸಿಗೆ ಅದು ಎಷ್ಟು ತಪ್ಪುತ್ತದೋ ಅಷ್ಟು ತಿದ್ದುಪಡಿಯನ್ನು ಅದರೊಳಗೇ ಬರೆದು ಕಳಿಸುತ್ತಿದ್ದೆವು. ತಿದ್ದಲು ಬಾರದ್ದನ್ನು ನೀವು ಸುಳ್ಳುಬುರುಕ ಎಂದು ತೊಟ್ಟಿಗೆ ಎಸೆಯುತ್ತಿದ್ದಿರಿ. "ತಣ್ಣಗಿದ್ದಾಗ ಯಾರ್ ಬೇಕಾದ್ರೂ ನಿಜ ಹೇಳ್ತಾರೆ ಕಣೆ, ಒಲೆಗಾಕಿ ಕೇಳು" ಎನ್ನುತ್ತಿದ್ದಿರಿ. ಆ ಥರ್ಮಾಮೀಟರನ್ನು ಒಲೆಗೆ ಹಾಕಿ ಯಾರು ಕೇಳಿದ್ದರು? ತುದಿಯಲ್ಲಿರುವುದು ಮಗುವಿನ ಬಿಸಿ ನೋಡುತ್ತದೆ, ಸರಿ. ಲೆಕ್ಕ ಹಾಕುವ ಚಿಪ್ಪು ಹಿಡಿಯಲ್ಲಿದೆ, ಆ ಹಿಡಿ ಇಡೀ ದಿನ ಗೂಡಿನಲ್ಲಿ ಕಾದಿತ್ತು. ಕಾದ ಚಿಪ್ಪು ಜೋರು ಜ್ವರವನ್ನೂ ತೊಂಬತ್ತೊಂಬತ್ತು ಎಂದು ತೋರಿಸಿದ್ದೀತು. ಆರಿದ ಒಲೆಗೆ ಮತ್ತೆ ಸೌದೆ ಹಾಕಿ ಉರಿಸಿ, ಬ್ಯಾರನ್ನಿನ ಥರ್ಮಾಮೀಟರನ್ನು ಆ ಗೂಡಿನಲ್ಲಿಟ್ಟು ನೋಡಿದೆ, ನೂರಿಪ್ಪತ್ತು ಫ್ಯಾರನ್‌ಹೀಟ್ ಮುಟ್ಟಿತು.

ಇವರಿಗೆ ಹೇಳಿದೆ. ನಿನ್ನ ಊಹೆ ಬೇಡ, ಅಳೆದವರು ಹೇಳಲಿ, ಕಡ್ಡಿಯದೇ ತಪ್ಪು ಅಂದರೆ ನಾನೇ ಹೋಗಿ ಕಾಲು ಹಿಡಿದು ಕರ್ಕೊಂಡ್ ಬತ್ತೀನಿ ಅಂದರು. ಆಮೇಲೆ ಎದ್ದು ದನದ ಕೊಟ್ಟಿಗೆಗೆ ಹೋದರು. ಕರೆದರೂ ಊಟಕ್ಕೆ ಬರಲಿಲ್ಲ.

ಆ ಥರ್ಮಾಮೀಟರನ್ನು ಈ ಪತ್ರದ ಜೊತೆ ಹತ್ತಿಯಲ್ಲಿ ಸುತ್ತಿ ಕಳಿಸುತ್ತಿದ್ದೇನೆ. ತುದಿಯನ್ನು ನೂರಮೂರು ಡಿಗ್ರಿಯ ನೀರಿನಲ್ಲಿ ಅದ್ದಿ ಹಿಡಿಯಿರಿ. ಹಿಡಿ ತಣ್ಣಗಿದ್ದಾಗ ಏನು ತೋರಿಸುತ್ತದೆ, ಅದನ್ನು ನಮ್ಮ ಗೂಡಿನಷ್ಟು ಕಾಯಿಸಿದಾಗ ಏನು ತೋರಿಸುತ್ತದೆ, ಎರಡನ್ನೂ ಬರೆಯಿರಿ. ನನ್ನ ಸಮಾಧಾನಕ್ಕೆಂದು ಅಂಕಿ ತಿದ್ದಬೇಡಿ. ಬಿಸಿಯಲ್ಲೂ ಅದು ನಿಜ ಹೇಳಿದರೆ ಹಾಗೆಯೇ ಬರೆಯಿರಿ. ಹಾಗಾದರೆ ಮುಂದೇನು, ನನಗೆ ಗೊತ್ತಿಲ್ಲ. ಆದರೆ ಇಷ್ಟು ಗೊತ್ತು: ಇಷ್ಟು ಜನ ಸುತ್ತ ಬೆಂಕಿ ಹಾಕಿ ಕೇಳಿದಾಗಲೂ ಮಾತು ಬದಲಿಸದಿದ್ದವರು ನಮ್ಮತ್ತೆ. ನಿಮ್ಮ ಬೆಂಚಿನಲ್ಲಿ ಅವರು ಪಾಸಾಗುತ್ತಿದ್ದರು.

ಇಲ್ಲೇ ಬಿಸಿನೀರು ಕಾಯಿಸಿ ನಾನೇ ನೋಡಬಹುದಿತ್ತು ಎನ್ನುತ್ತೀರಿ. ನನ್ನ ಕೈಯಿಂದ ಆಗುವುದಿಲ್ಲ.

ಕೆ.ಆರ್.ನಗರದ ನಿಮ್ಮ ಅಮ್ಮನಿಗೆ ಕಾಲು ನೋವು ಹೇಗಿದೆ? ಅವರಿಗೂ ನಮಸ್ಕಾರ ತಿಳಿಸಿ. ಹೆಸರಿಲ್ಲದ ಈ ಮಗುವಿನ ತಲೆಯ ಮೇಲೆ ನಿಮ್ಮ ಕುಲಾವಿಯ ಹಾಗೆ ನಿಮ್ಮ ಹರಕೆಯೂ ಇರಲಿ.

ನಿಮ್ಮ
ಸುಧಾ

ತಾ.ಕ.: ಮೇಲೆ ಬರೆಯಲಾಗಲಿಲ್ಲ. ಅದರ ಗುಂಡಿ ಒತ್ತಿದ ಕೂಡಲೇ, ಹೊಸದನ್ನು ಅಳೆಯುವ ಮೊದಲು, ಹಿಂದಿನ ಸಲದ ಅಂಕಿ ಒಂದು ಕ್ಷಣ ಮೂಡಿ ಹೋಗುತ್ತದೆ. 99.1. ಎರಡು ವರ್ಷದಿಂದ ಅದನ್ನು ಯಾರ ಮೈಗೂ ತಾಗಿಸಿಲ್ಲ. ಯಾರೂ ಇಲ್ಲದಾಗ ಗುಂಡಿ ಒತ್ತುತ್ತೇನೆ, ನೋಡುತ್ತೇನೆ, ಆರಿಸಿಬಿಡುತ್ತೇನೆ. ನೀವು ನೀರಿಗೆ ಅದ್ದಿದರೆ ಅದು ಅಳಿಸಿಹೋಗುತ್ತದೆ. ಹೋಗಲಿ, ಅತ್ತೆ ಬರಲಿ. ಅದ್ದುವ ಮೊದಲು ಒಂದೇ ಒಂದು ಸಲ ನೀವೂ ನೋಡಿ, ಜಯಕ್ಕ. ನನ್ನ ಮಗಳ ಮೈಬಿಸಿ ಎಂದು ನನ್ನ ಹತ್ತಿರ ಉಳಿದಿರುವುದು ಅದೊಂದೇ. ಅದೂ ಸರಿಯಾದದ್ದಲ್ಲ.